ಹುಬ್ಬಳ್ಳಿ-ಧಾರವಾಡದಿಂದ ಭೂಮಿಯ ಕೇಂದ್ರಗೋಳ ಅಳೆಯಲು ನಾಲ್ಕು ಜಿಯೋಫೋನ್ ಸಾಕೆ?

ಪ್ರಶ್ನೆ: ಪ್ರಯೋಗಾಲಯ_ಧಾರವಾಡ

ಬಿ.ಎಸ್ಸಿ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದು ವರ್ಷದ ಪ್ರಾಜೆಕ್ಟ್ ರೂಪಿಸುತ್ತಿದ್ದೇವೆ. 4.5 ಹರ್ಟ್ಸ್‌ನ ಲಂಬ ಜಿಯೋಫೋನ್ (ನೆಲದ ಮೇಲೆ-ಕೆಳಗಿನ ಅಲುಗಾಟ ಹಿಡಿಯುವ ಸೆನ್ಸರ್), ಅದರ ಸಂಕೇತವನ್ನು ಅಂಕಿಯಾಗಿಸುವ 24 ಬಿಟ್ ಡಿಜಿಟೈಜರ್, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಸೆಕೆಂಡಿಗೆ 100 ಸ್ಯಾಂಪಲ್. ಇಂಥ ನಾಲ್ಕು ಸೆಟ್ ಇವೆ. ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿಯ ಒಂದೊಂದು ಕಾಲೇಜಿನಲ್ಲಿ ಒಂದೊಂದನ್ನು ಇಡುವ ಯೋಚನೆ.

ಪಠ್ಯಪುಸ್ತಕ ಹೇಳುವುದು ಇಷ್ಟು: ಅಧಿಕೇಂದ್ರದಿಂದ 103 ಡಿಗ್ರಿ (ಭೂಮಿಯ ಕೇಂದ್ರದಲ್ಲಿ ಅಳೆದ ಕೋನ; ಒಂದು ಡಿಗ್ರಿ ಎಂದರೆ ನೆಲದ ಮೇಲೆ ಸುಮಾರು 111 ಕಿ.ಮೀ.) ದಾಟಿದರೆ ಎಸ್ ಅಲೆ (ಅಡ್ಡಡ್ಡ ಅಲುಗಿಸುವ, ದ್ರವದಲ್ಲಿ ಹಾಯದ ಅಲೆ) ಬರುವುದಿಲ್ಲ, ಆದ್ದರಿಂದ ಹೊರ ಕೇಂದ್ರಗೋಳ ದ್ರವ, ಅದು 2900 ಕಿ.ಮೀ. ಆಳದಲ್ಲಿ ಶುರುವಾಗುತ್ತದೆ. ಮೊದಲ ಮಾತಿನಿಂದ ಎರಡನೆಯ ಮಾತು ಹೇಗೆ ಹುಟ್ಟಿತು ಎಂಬುದು ಮಾತ್ರ ಎಲ್ಲೂ ಇಲ್ಲ. ವಿದ್ಯಾರ್ಥಿಗಳು ಕೇಳುವುದೂ ಅದನ್ನೇ. 2900 ಎಂದು ಬಾಯಿಪಾಠ ಮಾಡಿಸುವ ಬದಲು, ಅವರೇ ಗುರುತಿಸಿದ ಆಗಮನ ಸಮಯಗಳಿಂದ ಆ ಅಂಕಿ ಹೊರಬರಬೇಕು.

ತಿಳಿಯಬೇಕಾದ್ದು ಮೂರು. ಈ ಉಪಕರಣದಿಂದ ನೆರಳು ವಲಯ (ಕೇಂದ್ರಗೋಳ ಅಡ್ಡ ಬಂದು ನೇರ ಅಲೆ ಮುಟ್ಟದ ದೂರಗಳು) ತೋರಿಸಲು ಆಗುತ್ತದೆಯೇ, ಆಗುವುದಾದರೆ ಯಾವ ಪ್ರದೇಶದ ಕಂಪನಗಳಿಗೆ ಕಾಯಬೇಕು? ಸೆನ್ಸರ್ ಎಲ್ಲಿ, ಹೇಗೆ ಕೂರಿಸಬೇಕು? ನಾಲ್ಕು ಊರುಗಳು ಒಂದಕ್ಕೊಂದು ಇಷ್ಟು ಹತ್ತಿರ ಇರುವುದರಿಂದ ನಾಲ್ಕು ಇಟ್ಟು ಏನಾದರೂ ಪ್ರಯೋಜನ ಇದೆಯೇ, ಅಥವಾ ಒಂದೇ ಸಾಕೇ?

ಉತ್ತರ: ಶಿಲಾಪದರ

ಆಗುತ್ತದೆ. ಆದರೆ "ಎಸ್ ಬರಲಿಲ್ಲ, ಆದ್ದರಿಂದ ದ್ರವ" ಎಂಬ ಪಾಠವನ್ನು ದಯವಿಟ್ಟು ಈ ಉಪಕರಣದಿಂದ ಮಾಡಬೇಡಿ. 4.5 ಹರ್ಟ್ಸ್‌ಗಿಂತ ಕೆಳಗೆ ಜಿಯೋಫೋನಿನ ಸಂವೇದನೆ ಆವರ್ತನದ ವರ್ಗದಂತೆ ಕುಸಿಯುತ್ತದೆ. 1 ಹರ್ಟ್ಸ್‌ನಲ್ಲಿ ಸುಮಾರು 20ರಲ್ಲಿ ಒಂದು ಪಾಲು ಉಳಿದರೆ, 0.1 ಹರ್ಟ್ಸ್‌ನಲ್ಲಿ ಉಳಿಯುವುದು 2000ದಲ್ಲಿ ಒಂದು ಪಾಲು. ದೂರದ ಕಂಪನದ ಎಸ್ ಅಲೆಯ ಶಕ್ತಿ ಹೆಚ್ಚಾಗಿ ಇರುವುದು 10 ಸೆಕೆಂಡಿನ ಆಸುಪಾಸಿನ ಅವಧಿಗಳಲ್ಲಿ. ಅದರ ಚಲನೆಯೂ ಅಡ್ಡಡ್ಡ, ನಿಮ್ಮ ಸೆನ್ಸರ್ ಲಂಬ. ಹಾಗಾಗಿ 60 ಡಿಗ್ರಿ ದೂರದ ಜಪಾನ್ ಕಂಪನದ ಎಸ್ ಕೂಡ, ಅಲ್ಲಿ ಅದು ಖಂಡಿತ ಬಂದಿರುತ್ತದೆ, ನಿಮ್ಮ ಪರದೆಯಲ್ಲಿ ಸರಿಯಾಗಿ ಮೂಡದು. ಉಪಕರಣಕ್ಕೆ ಕಾಣದ್ದನ್ನು ಭೂಮಿಯಲ್ಲಿ ಇಲ್ಲ ಎಂದು ಬರೆಸಿದಂತಾಗುತ್ತದೆ. ಕೆಲವು ಡಿಜಿಟೈಜರ್‌ಗಳು ಕೆಳ ಆವರ್ತನವನ್ನು ಎತ್ತಿ ಕೊಡುತ್ತವೆ ನಿಜ, ಜೊತೆಗೆ ಗದ್ದಲವನ್ನೂ ಎತ್ತುತ್ತವೆ.

ನಿಧಾನದ, ವೇಗದ ಅಲುಗಾಟ ಎರಡನ್ನೂ ಹಿಡಿಯುವ ಒಳ್ಳೆಯ ಬ್ರಾಡ್‌ಬ್ಯಾಂಡ್ ಉಪಕರಣ ಇದ್ದರೂ ಇನ್ನೊಂದು ತೊಡಕಿದೆ. ಮ್ಯಾಂಟಲ್‌ನಲ್ಲಿ (ಭೂಕವಚಕ್ಕೂ ಕೇಂದ್ರಗೋಳಕ್ಕೂ ನಡುವಿನ ಪದರ) ಎಸ್ ಆಗಿ ಇಳಿದು, ಕೇಂದ್ರಗೋಳದೊಳಗೆ ಪಿ (ಅದುಮಿ ಹಿಗ್ಗಿಸಿ ಸಾಗುವ, ದ್ರವದಲ್ಲೂ ಹಾಯುವ ಅಲೆ) ಆಗಿ ಹಾಯ್ದು, ಮತ್ತೆ ಎಸ್ ಆಗಿ ಮೇಲೆ ಬರುವ ಎಸ್‌ಕೆಎಸ್ ಎಂಬ ಅಲೆ ಇದೆ. ಸುಮಾರು 83 ಡಿಗ್ರಿ ಆಚೆ ಅದು ನೇರ ಎಸ್‌ಗಿಂತ ಮೊದಲೇ ಬರುತ್ತದೆ; 103 ದಾಟಿದ ಮೇಲೂ ಅಡ್ಡ ದಿಕ್ಕಿನ ದಾಖಲೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇದನ್ನೇ ಎಸ್ ಎಂದು ಗುರುತು ಹಾಕಿದ ವಿದ್ಯಾರ್ಥಿ "ಪುಸ್ತಕ ತಪ್ಪು" ಎಂದರೆ ಉತ್ತರ ಸಿದ್ಧವಿರಬೇಕು. ಎಸ್ ಭಾಗದ ಅಭ್ಯಾಸಕ್ಕೆ ಹೈದರಾಬಾದಿನ ಎಚ್‌ವೈಬಿ ಕೇಂದ್ರದ ಬ್ರಾಡ್‌ಬ್ಯಾಂಡ್ ದತ್ತಾಂಶ ಬಳಸಿ. ಫ್ರಾನ್ಸಿನ ಜಿಯೋಸ್ಕೋಪ್ ಜಾಲದ ಮೂಲಕ ಅದು ಎಲ್ಲರಿಗೂ ಸಿಗುತ್ತದೆ. ಹುಬ್ಬಳ್ಳಿಯಿಂದ ಹೈದರಾಬಾದ್ ಸುಮಾರು 430 ಕಿ.ಮೀ., ಅಂದರೆ ನಾಲ್ಕು ಡಿಗ್ರಿಯೂ ಇಲ್ಲ.

ನಿಮ್ಮ ಜಿಯೋಫೋನ್ ನಿಜವಾಗಿ ಬಲ್ಲದ್ದು 1 ಹರ್ಟ್ಸ್ ಸುತ್ತಲಿನ ಪಿ ಅಲೆಗಳನ್ನು. ಕೇಂದ್ರಗೋಳಕ್ಕೆ ಅಷ್ಟು ಸಾಕು. ಈ ಕೆಲಸಕ್ಕೆ ಹುಬ್ಬಳ್ಳಿ ಇರುವ ಜಾಗವೇ ಬಹಳ ಚೆನ್ನಾಗಿದೆ. ಹುಬ್ಬಳ್ಳಿಯನ್ನು 15.36 ಉತ್ತರ, 75.12 ಪೂರ್ವ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ದೂರಗಳು ಹೀಗೆ ಬರುತ್ತವೆ.

ಟರ್ಕಿಯ ದಕ್ಷಿಣ ಭಾಗ 40 ಡಿಗ್ರಿ. 2023ರ ಫೆಬ್ರವರಿ 6ರ ಬೆಳಿಗ್ಗೆ 6:47ಕ್ಕೆ, ನಮ್ಮ ಗಡಿಯಾರದಲ್ಲಿ, ಅಲ್ಲಿ ಆದ 7.8 ಪರಿಮಾಣದ ಕಂಪನದ ಪಿ ಅಲೆ ಸುಮಾರು 7 ನಿಮಿಷ 38 ಸೆಕೆಂಡ್ ಪಯಣಿಸಿ 6:55ರ ಹೊತ್ತಿಗೆ ಇಲ್ಲಿ ಮುಟ್ಟಿದೆ. ಟೋಕಿಯೊ 60 ಡಿಗ್ರಿ, ಕಮ್ಚಾಟ್ಕಾ 75. ಮುಂದಿನದು ಎಲ್ಲಕ್ಕಿಂತ ಮುಖ್ಯ: ಸಾಲೊಮನ್ ದ್ವೀಪಗಳು 84, ವನುವಾಟು 96, ಅದರ ದಕ್ಷಿಣದ ಲಾಯಲ್ಟಿ ದ್ವೀಪಗಳು 100, ಫಿಜಿ 110, ಟೋಂಗಾ 113. ಒಂದೇ ದ್ವೀಪಮಾಲೆ, ಕಂಪನಗಳಿಗೆ ಬರವಿಲ್ಲ, ಮತ್ತು ಅದು ನೆರಳಿನ ಅಂಚನ್ನು ಈ ಕಡೆಯಿಂದ ಆ ಕಡೆಗೆ ದಾಟಿಕೊಂಡು ಹೋಗುತ್ತದೆ. ಸಾಲೊಮನ್‌ನ 6.5ರ ಕಂಪನಕ್ಕೆ ಸ್ಪಷ್ಟವಾಗಿ ಮೂಡುವ ಪಿ, ಅದೇ ಪರಿಮಾಣದ ಟೋಂಗಾ ಕಂಪನಕ್ಕೆ ಅಳಿಸಿಹೋಗಿರುತ್ತದೆ. ಎರಡೂ ದಾಖಲೆಗಳನ್ನು ಒಂದರ ಕೆಳಗೊಂದು ಮುದ್ರಿಸಿ ಗೋಡೆಗೆ ಅಂಟಿಸಿದರೆ ನೆರಳು ಕಣ್ಣಿಗೇ ಕಾಣುತ್ತದೆ.

ಲಾಸ್ ಏಂಜಲೀಸ್ 129 ಡಿಗ್ರಿ, ನೆರಳಿನ ನಡುಮಧ್ಯ. ಅಲ್ಲಿಯ ದೊಡ್ಡ ಕಂಪನಕ್ಕೆ ಕೇಂದ್ರಗೋಳದ ಅಂಚನ್ನು ಬಳಸಿ ಬರುವ ಪಿ ಅಲೆ 16ನೇ ನಿಮಿಷದ ಹತ್ತಿರ ಬರಬೇಕು. ಆದರೆ ಅದರಲ್ಲಿ ಉಳಿದಿರುವುದು ದೀರ್ಘ ಅವಧಿಯ ಅಂಶ ಮಾತ್ರ, ಜಿಯೋಫೋನ್ ಹಿಡಿಯದು. ಸುಮಾರು 19 ನಿಮಿಷ 10 ಸೆಕೆಂಡಿಗೆ ಒಂದು ಸಣ್ಣ ಮಿಡಿತ ಬರುತ್ತದೆ. ಅದು ಒಳ ಕೇಂದ್ರಗೋಳವನ್ನು ಹಾಯ್ದು ಬಂದ ಪಿಕೆಐಕೆಪಿ. ನೆರಳಿನಲ್ಲಿ ಬರಬಾರದ ಇಂಥ ಮಿಡಿತಗಳನ್ನು 1929ರ ಜೂನ್ 17ರ ನ್ಯೂಜಿಲೆಂಡ್ ಕಂಪನದ ದಾಖಲೆಗಳಲ್ಲಿ ಹಿಡಿದೇ ಡೆನ್ಮಾರ್ಕಿನ ಇಂಗೆ ಲೆಹ್‌ಮನ್ 1936ರಲ್ಲಿ ಒಳ ಕೇಂದ್ರಗೋಳ ಇದೆ ಎಂದರು. ಅದರ ತ್ರಿಜ್ಯ ಈಗಿನ ಅಳತೆಯಲ್ಲಿ ಸುಮಾರು 1220 ಕಿ.ಮೀ. 21 ನಿಮಿಷ ದಾಟಿದ ಮೇಲೆ ಇನ್ನೊಂದು ಅಲೆ ಬರುತ್ತದೆ: ಅರ್ಧ ದಾರಿಯಲ್ಲಿ ನೆಲಕ್ಕೆ ತಾಗಿ ಪುಟಿದ ಪಿಪಿ. ಅವಸರದಲ್ಲಿ ಇದನ್ನೇ ಪಿ ಎಂದು ಗುರುತಿಸುವವರು ಬಹಳ. ಪರೀಕ್ಷೆ ಸುಲಭ: ಪಿಪಿಯ ಸಮಯ ಅರ್ಧ ದೂರದ ಪಿ ಸಮಯದ ಸರಿಯಾಗಿ ಎರಡರಷ್ಟು.

ಇನ್ನು ಮಧ್ಯ ಚಿಲಿ. ಸ್ಯಾಂಟಿಯಾಗೊದಿಂದ ಹುಬ್ಬಳ್ಳಿಗೆ 144 ಡಿಗ್ರಿ. 2010ರ ಫೆಬ್ರವರಿ 27ರ 8.8ರ ಮಾವ್ಲೆ ಕಂಪನ 145ಕ್ಕೆ ತುಸು ಕಡಿಮೆ. ಹೊರ ಕೇಂದ್ರಗೋಳ ಮಸೂರದಂತೆ ಪಿ ಕಿರಣಗಳನ್ನು ಬಾಗಿಸಿ ಒಟ್ಟುಗೂಡಿಸುವ ದೂರವೇ 144 ಡಿಗ್ರಿ. ಭೂಮಿಯ ಇನ್ನೊಂದು ಬದಿಯ ಈ ಕಂಪನಗಳು ಫಿಜಿಯ ಅದೇ ಪರಿಮಾಣದ ಕಂಪನಗಳಿಗಿಂತ ಹೆಚ್ಚು ಚೂಪಾಗಿ, ಜೋರಾಗಿ, 19 ನಿಮಿಷ 40 ಸೆಕೆಂಡಿನ ಹತ್ತಿರ ಬಂದು ಬಡಿಯುತ್ತವೆ. ಮೆಕ್ಸಿಕೊದ ಗೆರೆರೊ ತೀರ 147, ಲಿಮಾ 153; ಇವೂ ಚೆನ್ನಾಗಿ ಮೂಡುತ್ತವೆ. ದೂರ ಹೆಚ್ಚಿದಂತೆ ಅಲೆ ಮಂಕಾಗಿ, ಮಾಯವಾಗಿ, ಮತ್ತೆ ಅಬ್ಬರದಿಂದ ಹುಟ್ಟುವುದು: ನೆರಳು ವಲಯದ ನಿಜವಾದ ಪಾಠ ಇದು. ಜಿಯೋಫೋನ್ ಇದನ್ನು ಪ್ರಾಮಾಣಿಕವಾಗಿ ತೋರಿಸಬಲ್ಲದು. ಫಿಲ್ಟರ್ 0.7ರಿಂದ 2 ಹರ್ಟ್ಸ್ ಇಡಿ. 6ಕ್ಕೆ ಮೇಲ್ಪಟ್ಟವು ಜಗತ್ತಿನಲ್ಲಿ ವರ್ಷಕ್ಕೆ ನೂರಕ್ಕೂ ಹೆಚ್ಚು ಆಗುತ್ತವೆ, ಒಂದು ವರ್ಷಕ್ಕೆ ದತ್ತಾಂಶದ ಕೊರತೆಯಾಗದು.

ಪಿ ಯಾಕೆ ಬಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ಮಾಡಿಸಿ. ಪಿ ವೇಗದ ವರ್ಗ ಎಂದರೆ ಬಲ್ಕ್ ಮಾಡ್ಯುಲಸ್‌ಗೆ (ಅದುಮಿದರೆ ಎದುರಿಸುವ ಶಕ್ತಿ) ರಿಜಿಡಿಟಿಯ (ಆಕಾರ ಬದಲಿಸಿದರೆ ಎದುರಿಸುವ ಶಕ್ತಿ) ಮೂರನೇ ನಾಲ್ಕು (4/3) ಪಾಲು ಕೂಡಿಸಿ ಸಾಂದ್ರತೆಯಿಂದ ಭಾಗಿಸಿದ್ದು. ಮ್ಯಾಂಟಲ್‌ನ ತಳದಲ್ಲಿ ಬಲ್ಕ್ ಮಾಡ್ಯುಲಸ್ 656 ಗಿಗಾಪಾಸ್ಕಲ್, ರಿಜಿಡಿಟಿ 294, ಸಾಂದ್ರತೆ ಘನ ಮೀಟರಿಗೆ 5566 ಕೆ.ಜಿ.; ವೇಗ ಸೆಕೆಂಡಿಗೆ 13.7 ಕಿ.ಮೀ. ಗಡಿಯ ಕೆಳಗೆ 644, ಸೊನ್ನೆ, 9903, ವೇಗ 8.06. ಅದುಮಿದರೆ ಎದುರಿಸುವ ಶಕ್ತಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ರಿಜಿಡಿಟಿ ಇಲ್ಲವಾಯಿತು, ತೂಕ ಸುಮಾರು ಇಮ್ಮಡಿಯಾಯಿತು, ವೇಗ ಬಿತ್ತು. ಅಂದ ಹಾಗೆ, ದ್ರವ ಎಂಬ ತೀರ್ಮಾನ ಎಸ್ ಅಲೆಯ ಗೈರುಹಾಜರಿಯೊಂದರಿಂದಲೇ ಬಂದದ್ದಲ್ಲ. ಚಂದ್ರ-ಸೂರ್ಯರ ಸೆಳೆತಕ್ಕೆ ಇಡೀ ಭೂಮಿ ಎಷ್ಟು ಬಾಗುತ್ತದೆ ಎಂಬುದರಿಂದ ಸಿಗುವ ಸರಾಸರಿ ಬಿಗಿತ ಮ್ಯಾಂಟಲ್ ಒಂದರ ಬಿಗಿತಕ್ಕಿಂತ ಕಡಿಮೆ; ಒಳಗೆಲ್ಲೋ ಬಿಗಿತವೇ ಇಲ್ಲದ ಭಾಗ ಇರಲೇಬೇಕು ಎಂದು ಹ್ಯಾರಲ್ಡ್ ಜೆಫ್ರೀಸ್ 1926ರಲ್ಲಿ ತೋರಿಸಿದರು.

ಉತ್ತರ: ಎರಿಹೊಲ

ಸೆನ್ಸರ್ ಎಲ್ಲಿ ಕೂಡಸಬೇಕು ಅನ್ನೋದಷ್ಟಕ್ಕ ಹೇಳ್ತೀನಿ. ಈ ಪ್ರಾಜೆಕ್ಟ್ ಕೆಡೋದಿದ್ರ ಇಲ್ಲೇ ಕೆಡ್ತದ.

ಎರಿ ಭೂಮಿ ಮ್ಯಾಲ ನೇರ ಇಡಬ್ಯಾಡ್ರಿ. ಮಳಿ ಬಿದ್ದಾಗ ಉಬ್ಬತದ, ಬ್ಯಾಸಗ್ಯಾಗ ಬಿರಕ ಬಿಡ್ತದ, ಅದರ ಮ್ಯಾಲಿನ ಚಪ್ಪಡಿ ವಾಲ್ತದ. ಮೆತ್ತನ ಮಣ್ಣು ರಸ್ತೆ ಮ್ಯಾಲಿನ ಗಾಡಿಗಳ ಅಲುಗಾಟನೂ ದೊಡ್ಡದು ಮಾಡಿ ತೋರಸ್ತದ. ಗರಸು ಇಲ್ಲಾ ಕೊಳತ ಬಂಡಿ ಸಿಗೋತನಕ ತಗ್ಗು ತೋಡ್ರಿ. ಅದರ ಮ್ಯಾಲ ಎರಡಡಿ ಅಗಲ, ಎರಡಡಿ ಉದ್ದ, ಅರ್ಧಡಿ ದಪ್ಪ ಕಾಂಕ್ರೀಟ್ ಹಾಕ್ರಿ. ಗ್ವಾಡಿಗಾಗಲಿ ಅಡಿಪಾಯಕ್ಕಾಗಲಿ ಈ ಕಾಂಕ್ರೀಟ್ ತಾಗಬಾರದು, ನಡುವ ಎರಡ ಬೆರಳ ಸಂದು ಬಿಟ್ಟು ಥರ್ಮಾಕೋಲ್ ತುಂಬ್ರಿ. ಕಟ್ಟಡ ಗಾಳಿಗೆ ಅಲುಗಾಡೋದು, ಮೆಟ್ಟಲ ಮ್ಯಾಲ ಹುಡುಗರು ಓಡೋದು, ಎಲ್ಲಾ ಗ್ವಾಡಿಯಿಂದಲೇ ಬರ್ತದ. ಮ್ಯಾಲಿನ ಮಜಲಿ ಅಂತೂ ಬ್ಯಾಡೇ ಬ್ಯಾಡ. ಸೆನ್ಸರ್ ಮ್ಯಾಲ ಥರ್ಮಾಕೋಲ್ ಡಬ್ಬಿ ಮುಚ್ಚಿ ಗಾಳಿ ಬಿಸಲಿನಿಂದ ಕಾಪಾಡ್ರಿ. ಕೇಬಲ್ ಬಿಗಿಯಾಗಿ ಎಳದಿರಬಾರದು, ಒಂದು ಸುತ್ತು ಸಡಿಲ ಬಿಡ್ರಿ. ಎಳದ ಕೇಬಲ್ ಮ್ಯಾಲ ಇಲಿ ಓಡಿದರೂ ದಾಖಲಿ ಆಗ್ತದ.

ಗದಗ ಕಡೆ ಗಾಳಿಯಂತ್ರಗಳ ಕಾಟ ಅದ. ರೆಕ್ಕಿ ತಿರುಗೋ ಲಯ 1ರಿಂದ 5 ಹರ್ಟ್ಸ್ ನಡುವ ನೆಲದಾಗ ಗೆರಿ ಕೊರದಂಗ ಬರ್ತದ, ನಿಮಗ ಬೇಕಾದ ಪಟ್ಟಿಯೊಳಗೇ. ಗಾಳಿ ಜೋರಿದ್ರ ಹತ್ತು ಕಿ.ಮೀ. ದೂರಿಂದನೂ ಕಾಣ್ತದ. ಕಪ್ಪತಗುಡ್ಡದ ಸುತ್ತ ಬಂಡಿ ಗಟ್ಟಿ ಅದ ಅಂತ ಅಲ್ಲೇ ಇಡೋ ಆಸೆ ಆಗ್ತದ. ಆದ್ರ ಮೊದಲು ಒಂದು ದಿನದ ಸ್ಪೆಕ್ಟ್ರೋಗ್ರಾಂ (ಯಾವ ಹೊತ್ತಿಗೆ ಯಾವ ಆವರ್ತನ ಎಷ್ಟು ಅನ್ನೋ ಚಿತ್ರ) ತಗೊಂಡು, ಗಾಳಿ ಹೊತ್ತಿಗೆ ಮತ್ತ ಗಾಳಿ ನಿಂತಾಗ ಎರಡೂ ನೋಡಿ ಜಾಗಾ ಆರಿಸ್ರಿ.

ಹುಬ್ಬಳ್ಳಿಯೊಳಗ ರೈಲ್ವೆ ಹಳಿಯಿಂದ, ಹೈವೇಯಿಂದ ಕಡಿಮಿ ಅಂದ್ರ ಒಂದು ಕಿ.ಮೀ. ದೂರ ಇರ್ರಿ, ಎರಡಾದ್ರ ಇನ್ನೂ ಚಲೋ. ಬೋರ್‌ವೆಲ್ ಪಂಪು, ಹಿಟ್ಟಿನ ಗಿರಣಿ ಮೋಟರು 24 ಇಲ್ಲಾ 48 ಹರ್ಟ್ಸ್ ಹತ್ತಿರ ಸಣ್ಣ ಗೆರಿ ಬಿಡ್ತಾವ. ಅದು ಫಿಲ್ಟರ್‌ದಾಗ ಹೋಗ್ತದ, ಚಿಂತಿಲ್ಲ. ಟ್ರಕ್ ಮಾತ್ರ 2ರಿಂದ 10 ಹರ್ಟ್ಸ್. ಅದಕ್ಕ ರಾತ್ರಿ 11ರಿಂದ ನಸುಕಿನ 5ರ ತನಕ ಬಂದ ಕಂಪನಗಳಿಗೇ ಹೆಚ್ಚು ಬೆಲಿ ಕೊಡ್ರಿ. ಮಳಿಗಾಲದಾಗ ಅರಬ್ಬಿ ಸಮುದ್ರದ ತೆರಿಗಳ ಗುಂಯ್ ಅನ್ನೋ ಅಲುಗಾಟ 5ರಿಂದ 8 ಸೆಕೆಂಡ್ ಅವಧಿಯೊಳಗ ಏರತದ. ನಿಮ್ಮ ಜಿಯೋಫೋನ್‌ಗ ಅದು ಅಷ್ಟು ತಾಗೂದಿಲ್ಲ.

ಗಡಿಯಾರದ್ದು ಒಂದು ಮಾತು. ಹೆಚ್ಚಿನ ರಾಸ್ಪ್‌ಬೆರಿ ಪೈಗಳೊಳಗ ಬ್ಯಾಟರಿ ಮ್ಯಾಲ ಓಡೋ ಗಡಿಯಾರ ಇರೂದಿಲ್ಲ. ಕರೆಂಟ್ ಹೋಗಿ ಬಂದು, ಇಂಟರ್ನೆಟ್ ಇನ್ನೂ ಬರದಿದ್ರ ಹಳೆ ಸಮಯ ಹಿಡಕೊಂಡು ದಾಖಲಿ ಮಾಡ್ತದ. ಕಡತ ನೋಡಿದ್ರ ಎಲ್ಲಾ ಸರಿ ಅನಸ್ತದ, ಸಮಯ ಮಾತ್ರ ಹತ್ತು ನಿಮಿಷ ಹಿಂದ. ಜಿಪಿಎಸ್ ಮಾಡ್ಯೂಲ್ ಹಾಕ್ರಿ, ಕಡಿಮಿ ಬೆಲಿಯದ್ದೂ ಆದೀತು. ಸಣ್ಣ ಯುಪಿಎಸ್ ಇಡ್ರಿ. ಎಲ್ಲಾ ಲೆಕ್ಕ ಯುಟಿಸಿಯೊಳಗ (ಜಗತ್ತಿನ ಪ್ರಮಾಣ ಸಮಯ) ಬರಸ್ರಿ. ಐದೂವರಿ ತಾಸು ಕೂಡಸೋದು ಕಳೆಯೋದು ಮಾಡಿದ್ರ ಒಬ್ಬರಾದರೂ ತಪ್ಪತಾರ.

ಎಸ್ ಅಲೆ ಕಾಲೇಜಿನಾಗೇ ನೋಡಬೇಕಂದ್ರ ಗೇಟಿನಂಗ ತೂಗೋ ಅಡ್ಡ ಲೋಲಕ ಕಟ್ಟಬಹುದು. ತೋಳು 80 ಸೆಂ.ಮೀ. ಇದ್ದು ಅವಧಿ 15 ಸೆಕೆಂಡ್ ಬರಬೇಕಂದ್ರ ತೂಗೋ ಅಕ್ಷ ನೆಟ್ಟಗಿನಿಂದ 0.82 ಡಿಗ್ರಿ ವಾಲಿರಬೇಕು. 20 ಸೆಕೆಂಡಿಗೆ 0.46 ಡಿಗ್ರಿ. ಎಷ್ಟು ಸೂಕ್ಷ್ಮ ನೋಡ್ರಿ: ಎರಿ ನೆಲ ಮೂರನೇ ಒಂದು ಡಿಗ್ರಿ ವಾಲಿದ್ರ ಅವಧಿ ಪೂರ್ತಿ ಬದಲಾತು, ಇನ್ನಷ್ಟು ವಾಲಿದ್ರ ತೋಳು ಹೋಗಿ ಗ್ವಾಡಿಗೆ ಒರಗತದ. ಡ್ಯಾಂಪಿಂಗ್‌ಗ (ತೂಗಾಟ ತಡಿಯೋದಕ್ಕ) ತೋಳಿನ ತುದಿಗೆ ತಾಮ್ರದ ತಗಡು, ಅದರ ಎರಡೂ ಬದಿ ನಿಯೋಡಿಮಿಯಂ ಅಯಸ್ಕಾಂತ. ತೋಳು ಸರಿಸಿ ಬಿಟ್ರ ನಡುಗೆರಿ ದಾಟಿ ಮೊದಲಿನ ಸರಿತದ ನೂರಕ್ಕ ಐದರಷ್ಟು ಮಾತ್ರ ಆ ಕಡೆ ಹೋಗಿ ನಿಲ್ಲಬೇಕು. ಡ್ಯಾಂಪಿಂಗ್ ಕಡಿಮಿ ಆದ್ರ ಒಂದು ಪಿ ಬಂದ ಮ್ಯಾಲ ತನ್ನಷ್ಟಕ್ಕ ತಾನೇ ತೂಗ್ತಾ ಇರ್ತದ, ಹಿಂದ ಬಂದ ಎಸ್ ಅದರೊಳಗ ಮುಳುಗತದ.

ಉತ್ತರ: ಕೃಷ್ಣಶಿಲೆ

ನಾಲ್ಕು ಇಡುವುದರಿಂದ ಪ್ರಯೋಜನ ಇದೆಯೇ ಎಂದಿರಿ. ಕೇಂದ್ರಗೋಳಕ್ಕೆ ಒಂದೇ ಸಾಕು. ಆದರೆ ನಾಲ್ಕಿದ್ದರೆ ಭೂಕವಚದ ದಪ್ಪ ಅಳೆಯಬಹುದು, ಮತ್ತು ಅದಕ್ಕೆ ಬೇಕಾದ ಕಂಪನದ ಮೂಲ ಪಕ್ಕದ ರಾಜ್ಯದಲ್ಲೇ ಇದೆ: ಕೊಯ್ನಾ. 1967ರ ಡಿಸೆಂಬರ್ 11ರ 6.3ರ ಕಂಪನದಿಂದ ಇಂದಿನವರೆಗೆ ಕೊಯ್ನಾ-ವಾರಣಾ ಜಲಾಶಯಗಳ ಸುತ್ತ ಸಣ್ಣ ಕಂಪನಗಳು ನಿಂತಿಲ್ಲ.

ನಕ್ಷೆಯ ಮೇಲೆ ಸ್ಕೇಲ್ ಇಟ್ಟು ನೋಡಿ. ಕೊಯ್ನಾದಿಂದ ಧಾರವಾಡ ಸುಮಾರು 255 ಕಿ.ಮೀ., ಹುಬ್ಬಳ್ಳಿ 270, ಹಾವೇರಿ 340. ಈ ಮೂರೂ ಕೊಯ್ನಾದಿಂದ ಹೊರಟ ಬಹುತೇಕ ಒಂದೇ ಗೆರೆಯ ಮೇಲಿವೆ. ದಿಕ್ಕಿನ ವ್ಯತ್ಯಾಸ ಒಂದೆರಡು ಡಿಗ್ರಿ ಅಷ್ಟೇ. ಗದಗ 295 ಕಿ.ಮೀ., ಗೆರೆಯಿಂದ ಸುಮಾರು 10 ಡಿಗ್ರಿ ಪೂರ್ವಕ್ಕೆ ಸರಿದಿದೆ. ಯಾರೋ ಬೇಕೆಂದೇ ಹಾಕಿಕೊಟ್ಟ ರಿಫ್ರಾಕ್ಷನ್ ಸಾಲಿನಂತಿದೆ, ಅಂದರೆ ಪದರಗಳಲ್ಲಿ ಬಾಗಿ ಬರುವ ಅಲೆ ಹಿಡಿಯಲು ಒಂದೇ ಗೆರೆಯಲ್ಲಿಟ್ಟ ಸೆನ್ಸರ್‌ಗಳಂತೆ.

ಇಲ್ಲಿ ಎರಡು ಪಿ ಅಲೆಗಳ ಓಟ ನಡೆಯುತ್ತದೆ. ಪಿಜಿ ಎಂಬುದು ಭೂಕವಚದೊಳಗೇ ಸೆಕೆಂಡಿಗೆ ಸುಮಾರು 6.4 ಕಿ.ಮೀ. ವೇಗದಲ್ಲಿ ನೇರ ಬರುತ್ತದೆ. ಪಿಎನ್ ಎಂಬುದು ಕೆಳಗಿಳಿದು, ಮ್ಯಾಂಟಲ್‌ನ ನೆತ್ತಿಯ ಗುಂಟ 8.2 ಕಿ.ಮೀ. ವೇಗದಲ್ಲಿ ಓಡಿ, ಮತ್ತೆ ಮೇಲೇರುತ್ತದೆ. ಊರೊಳಗಿನ ಹತ್ತಿರದ ದಾರಿಗೂ ಸುತ್ತಿಬರುವ ಬೈಪಾಸ್‌ಗೂ ಇರುವ ಸಂಬಂಧ ಇದು: ದೂರ ಸಾಕಷ್ಟಿದ್ದರೆ ಬೈಪಾಸೇ ಬೇಗ. 1909ರ ಅಕ್ಟೋಬರ್ 8ರ ಕ್ರೊಯೇಷಿಯಾ ಕಂಪನದಲ್ಲಿ ಹೀಗೆ ಎರಡೆರಡು ಪಿ ಬಂದದ್ದನ್ನು ನೋಡಿಯೇ ಆಂಡ್ರಿಯಾ ಮೊಹೊರೊವಿಚಿಚ್ 54 ಕಿ.ಮೀ. ಆಳದಲ್ಲಿ ಗಡಿ ಇದೆ ಎಂದದ್ದು. ಅದನ್ನೇ ಈಗ ಮೋಹೊ ಎನ್ನುತ್ತೇವೆ.

ಭೂಕವಚ 45 ಕಿ.ಮೀ., ಕಂಪನ ಕೇಂದ್ರದ ಆಳ 8 ಕಿ.ಮೀ. ಎಂದಿಟ್ಟುಕೊಂಡರೆ ಪಿಎನ್ ಧಾರವಾಡಕ್ಕೆ 39.1 ಸೆಕೆಂಡಿಗೆ, ಪಿಜಿ 39.8ಕ್ಕೆ. ಒಂದರ ಬಾಲ ಇನ್ನೊಂದರ ತಲೆಗೆ ಅಂಟಿರುತ್ತದೆ, ಬೇರೆ ಮಾಡುವುದು ಕಷ್ಟ. ಹುಬ್ಬಳ್ಳಿಯಲ್ಲಿ ಅಂತರ 1.2 ಸೆಕೆಂಡ್, ಗದಗದಲ್ಲಿ 2.1, ಹಾವೇರಿಯಲ್ಲಿ 49.5 ಮತ್ತು 53.1, ಅಂದರೆ 3.6. ಹಾಗಾಗಿ ನಾಲ್ಕರಲ್ಲಿ ಅತ್ಯಂತ ನಿಶ್ಶಬ್ದ ಜಾಗ ಹುಡುಕಬೇಕಾದ್ದು ಹಾವೇರಿಯಲ್ಲಿ. ಭೂಕವಚ 5 ಕಿ.ಮೀ. ತೆಳುವಾದರೆ ಈ ಅಂತರ ಎಲ್ಲ ಕಡೆಯೂ ಸುಮಾರು ಒಂದು ಸೆಕೆಂಡ್ ಹೆಚ್ಚುತ್ತದೆ. ಒಂದು ಸೆಕೆಂಡಿಗೆ 5 ಕಿ.ಮೀ., ಇದನ್ನು ನೆನಪಿಟ್ಟುಕೊಂಡರೆ ಗಡಿಯಾರದ ತಪ್ಪು ಎಷ್ಟು ದುಬಾರಿ ಎಂಬುದೂ ತಿಳಿಯುತ್ತದೆ. ಕೇಂದ್ರದ ಆಳ 8 ಕಿ.ಮೀ. ಎಂಬುದನ್ನು ಮರೆತು ಮೇಲ್ಮೈಯಲ್ಲೇ ಆಯಿತೆಂದು ಲೆಕ್ಕಿಸಿದರೆ ದಪ್ಪದಲ್ಲಿ 4 ಕಿ.ಮೀ. ಕಡಿಮೆ ಬರುತ್ತದೆ.

ಮೋಸ ಹೋಗುವ ಜಾಗ ಇನ್ನೊಂದಿದೆ. ಪಿಎನ್ ಮೊದಲು ಬಂದರೂ ಬಹಳ ಸಣ್ಣದು, ಪಿಜಿ ದೊಡ್ಡದು. 4ಕ್ಕಿಂತ ಕಡಿಮೆ ಪರಿಮಾಣದ ಕಂಪನದಲ್ಲಿ ಪಿಎನ್ ಗದ್ದಲದಲ್ಲಿ ಮುಳುಗಿ, ಪಿಜಿಯೇ ಮೊದಲ ಅಲೆ ಎನಿಸುತ್ತದೆ. ಧಾರವಾಡದಿಂದ ಹಾವೇರಿಗಿರುವ 85 ಕಿ.ಮೀ. ಅಂತರ ದಾಟಲು ಮೊದಲ ಅಲೆ 10.4 ಸೆಕೆಂಡ್ ತೆಗೆದುಕೊಂಡರೆ ಅದು ಪಿಎನ್, 13.3 ತೆಗೆದುಕೊಂಡರೆ ಪಿಜಿ. ಗುರುತು ಹಾಕಿದ ಕೂಡಲೇ ಈ ಒಂದು ಭಾಗಾಕಾರ ಮಾಡಿಸಿ. ಚಟುವಟಿಕೆ ವಾರಣಾ ಕಡೆಗೆ ಸರಿದಾಗ ದೂರಗಳು ಇಪ್ಪತ್ತು-ಮೂವತ್ತು ಕಿ.ಮೀ. ಕಡಿಮೆಯಾಗುತ್ತವೆ, ಪ್ರತಿ ಕಂಪನಕ್ಕೂ ಹೊಸದಾಗಿ ಲೆಕ್ಕ ಹಾಕಬೇಕು. ಕೊಯ್ನಾದ ಮೇಲಿನ ಸುಮಾರು ಒಂದು ಕಿ.ಮೀ. ದಪ್ಪದ ಕೃಷ್ಣಶಿಲೆಯ ಪದರ ಏನಾದರೂ ಕೆಡಿಸೀತೇ ಎಂಬ ಭಯ ಬೇಡ. ಅಲೆ ಅದನ್ನು ಹಾಯ್ದರೂ ಆಗುವ ತಡ 0.04 ಸೆಕೆಂಡಿನಷ್ಟೇ.

ಬರುವ ಉತ್ತರ 40 ಮತ್ತು 50 ಕಿ.ಮೀ. ನಡುವೆ ಇದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಪಶ್ಚಿಮ ಧಾರವಾಡ ಕ್ರೇಟಾನಿನ (ಬಹಳ ಹಳೆಯ, ಗಟ್ಟಿಯಾದ ಭೂಖಂಡದ ತುಂಡು) ಭೂಕವಚ ಪೂರ್ವದ್ದಕ್ಕಿಂತ ದಪ್ಪ. ಪೂರ್ವದಲ್ಲಿ ಅದು 35ರ ಆಸುಪಾಸು. ಹೈದರಾಬಾದಿನ ಎನ್‌ಜಿಆರ್‌ಐ (ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ) 1970ರ ದಶಕದಲ್ಲಿ ಕಾವಲಿಯಿಂದ ಉಡುಪಿಯವರೆಗೆ ಸ್ಫೋಟಕಗಳಿಂದ ನಡೆಸಿದ ಆಳದ ಸಮೀಕ್ಷೆ ಈ ಕ್ರೇಟಾನನ್ನೇ ಅಡ್ಡಹಾಯ್ದಿತ್ತು. ಒಂದು ಮಿತಿಯನ್ನು ವರದಿಯಲ್ಲಿ ಬರೆಸಲೇಬೇಕು: ಕಂಪನ ಒಂದೇ ಕಡೆಯಿಂದ ಬರುವುದರಿಂದ ಮೋಹೊ ಓರೆಯಾಗಿದ್ದರೆ ಅದು ವೇಗದ ವ್ಯತ್ಯಾಸದಂತೆ ತೋರುತ್ತದೆ. ಹಾವೇರಿಯ ಆಚೆಯಿಂದಲೂ ಒಂದು ಮೂಲ ಸಿಕ್ಕರೆ ಮಾತ್ರ ಎರಡನ್ನೂ ಬೇರ್ಪಡಿಸಲು ಬರುತ್ತದೆ.

ಪ್ರತಿಕ್ರಿಯೆ: ಪ್ರಯೋಗಾಲಯ_ಧಾರವಾಡ

ಹಾವೇರಿಯ ಜಾಗ ಬದಲಿಸುತ್ತೇವೆ. ಈಗ ಆರಿಸಿದ್ದು ರಸ್ತೆ ಬದಿಯಲ್ಲಿದೆ.

ಕೇಂದ್ರಗೋಳದ ಗಾತ್ರಕ್ಕೆ ಒಂದು ಲೆಕ್ಕ ಹಾಕಿ ನೋಡಿದೆವು. ನೆರಳು 103 ಡಿಗ್ರಿಗೆ ಶುರುವಾದರೆ, ಕೇಂದ್ರಗೋಳವನ್ನು ಸವರಿಕೊಂಡು ಬರುವ ಕಿರಣದ ಅರ್ಧ ಕೋನ 51.5 ಡಿಗ್ರಿ. ಭೂಮಿಯ ತ್ರಿಜ್ಯವಾದ 6371ನ್ನು ಅದರ ಕೊಸೈನ್‌ನಿಂದ ಗುಣಿಸಿದರೆ 3966 ಕಿ.ಮೀ. ಬರುತ್ತದೆ. ಪುಸ್ತಕದ ಪ್ರಕಾರ 3480. ಐನೂರು ಕಿ.ಮೀ. ಎಲ್ಲಿ ಹೋಯಿತು?

ಉತ್ತರ: ಶಿಲಾಪದರ

ಕಿರಣವನ್ನು ನೇರ ಗೆರೆ ಎಂದು ಹಿಡಿದದ್ದರಲ್ಲಿ ಹೋಯಿತು. ಆಳಕ್ಕೆ ಹೋದಂತೆ ವೇಗ 8ರಿಂದ 13.7ಕ್ಕೆ ಏರುವುದರಿಂದ ಕಿರಣ ಜೋಕಾಲಿಯ ಹಗ್ಗದಂತೆ ಜೋತು, ನೇರ ಗೆರೆಗಿಂತ ಕೆಳಗೆ ಹಾಯುತ್ತದೆ. ಆದ್ದರಿಂದ ನೇರ ಗೆರೆಯ ಲೆಕ್ಕ ಕೇಂದ್ರಗೋಳವನ್ನು ಯಾವಾಗಲೂ ದೊಡ್ಡದು ಮಾಡಿ ತೋರಿಸುತ್ತದೆ. ಈ 3966ನ್ನು ವಿದ್ಯಾರ್ಥಿಗಳಿಂದ ಮೊದಲು ಮಾಡಿಸಿ, ಹಾಗೇ ಇರಲಿ. ಎಷ್ಟು ತಪ್ಪಿತು ಎಂಬುದೇ ಮ್ಯಾಂಟಲ್‌ನಲ್ಲಿ ವೇಗ ಏರುತ್ತದೆ ಎಂಬುದಕ್ಕೆ ಸಾಕ್ಷಿ.

ಸರಿಯಾದ ದಾರಿ ಸಮಯದಲ್ಲಿಲ್ಲ, ಸಮಯದ ಇಳಿಜಾರಿನಲ್ಲಿದೆ. ದೂರ ಒಂದು ಡಿಗ್ರಿ ಹೆಚ್ಚಿದರೆ ಪಿ ಎಷ್ಟು ಸೆಕೆಂಡ್ ತಡವಾಗುತ್ತದೆ ಎಂಬುದೇ ಆ ಇಳಿಜಾರು. ಡಿಗ್ರಿಯ ಬದಲು ರೇಡಿಯನ್‌ಗೆ ಬದಲಿಸಿಕೊಂಡರೆ ಅದು, ಕಿರಣ ಅತಿ ಆಳಕ್ಕೆ ಹೋಗಿ ತಿರುಗಿದ ಜಾಗದ ತ್ರಿಜ್ಯವನ್ನು ಅಲ್ಲಿನ ವೇಗದಿಂದ ಭಾಗಿಸಿದಷ್ಟಕ್ಕೆ ಸಮ. ನೆಲದ ಮೇಲೆ ಕುಳಿತು ಅಳೆದ ಅಂಕಿಯೊಂದು ಸಾವಿರಾರು ಕಿ.ಮೀ. ಕೆಳಗಿನ ಜಾಗದ ಬಗ್ಗೆ ನೇರವಾಗಿ ಮಾತಾಡುವುದು ಇಲ್ಲೇ. ಆದರೆ ತ್ರಿಜ್ಯ, ವೇಗ ಎರಡೂ ಗೊತ್ತಿಲ್ಲ. ಬೇರ್ಪಡಿಸಲು ಹರ್ಗ್ಲಾಟ್ಸ್-ವೀಕೆರ್ಟ್ ಸೂತ್ರ ಬೇಕು. ಸ್ಪ್ರೆಡ್‌ಶೀಟ್‌ನಲ್ಲಿ ಮಾಡಬಹುದಾದದ್ದೇ.

ಸೊನ್ನೆಯಿಂದ ನೆರಳಿನ ಅಂಚಿನವರೆಗೆ (ಇಲ್ಲಿ 103 ಅಲ್ಲ, ಸುಮಾರು 97; ಅದರಾಚೆ ಬರುವ ಪಿ ಕೇಂದ್ರಗೋಳದ ಅಂಚನ್ನು ಬಳಸಿ ಬಂದದ್ದು) ದೂರವನ್ನು ತುಂಡುಗಳಾಗಿ ಮಾಡಿ, ಪ್ರತಿ ತುಂಡಿನ ಸರಾಸರಿ ಇಳಿಜಾರನ್ನು ಬರೆಯಿರಿ. ಪ್ರಕಟಿತ ಪಿ ಸಮಯಗಳಿಂದ ಒರಟಾಗಿ ತೆಗೆದರೆ ಹೀಗೆ ಬರುತ್ತದೆ, ಎಲ್ಲವೂ ಡಿಗ್ರಿಗೆ ಇಷ್ಟು ಸೆಕೆಂಡ್:

0–15 ಡಿಗ್ರಿ: 13.5
15–20: 11.5
20–25: 10.0
25–30: 9.0
30–40: 8.6
40–50: 8.0
50–60: 7.3
60–70: 6.4
70–80: 5.8
80–90: 5.0
90–97: 4.55

ಅಂಚಿನ ಇಳಿಜಾರು 4.5 ಎಂದಿಟ್ಟುಕೊಳ್ಳಿ. ಪ್ರತಿ ತುಂಡಿನ ಇಳಿಜಾರನ್ನು 4.5ರಿಂದ ಭಾಗಿಸಿ, ಅದರ ವಿಲೋಮ ಹೈಪರ್‌ಬೋಲಿಕ್ ಕೊಸೈನ್ ತೆಗೆದು, ತುಂಡಿನ ಅಗಲದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ. ಮೊತ್ತ ಸುಮಾರು 105.3 ಡಿಗ್ರಿ, ಅಂದರೆ 1.837 ರೇಡಿಯನ್. ಪೈನಿಂದ ಭಾಗಿಸಿದರೆ 0.585. ಭೂಮಿಯ ತ್ರಿಜ್ಯಕ್ಕೂ ಬೇಕಾದ ತ್ರಿಜ್ಯಕ್ಕೂ ಇರುವ ಅನುಪಾತದ ಸ್ವಾಭಾವಿಕ ಲಾಗರಿದಮ್ ಇದು. ತ್ರಿಜ್ಯ ಸುಮಾರು 3550 ಕಿ.ಮೀ.; ಅದನ್ನು ಇಳಿಜಾರಿನಿಂದ, ಅಂದರೆ ರೇಡಿಯನ್‌ಗೆ 257.8 ಸೆಕೆಂಡಿನಿಂದ ಭಾಗಿಸಿದರೆ ವೇಗ 13.8. ಹನ್ನೊಂದು ಸಾಲಿನ ಸ್ಪ್ರೆಡ್‌ಶೀಟ್‌ಗೆ ಶೇಕಡಾ 2ರ ತಪ್ಪು. ಜರ್ಮನಿಯ ಭೂಕಂಪ ವಿಜ್ಞಾನಿ ಗುಟೆನ್‌ಬರ್ಗ್ ಒಂದು ಶತಮಾನದ ಹಿಂದೆ 2900 ಕಿ.ಮೀ. ಆಳ ಎಂದರು, ಇಂದಿನ ಅಂಕಿ 2891. ಕೈಲೆಕ್ಕದ ಕಾಲದಲ್ಲಿ ಅಷ್ಟು ಹತ್ತಿರ ಬಂದದ್ದು ಹೇಗೆ ಎಂಬುದು ಇದನ್ನು ಮಾಡಿದವರಿಗೆ ಅರ್ಥವಾಗುತ್ತದೆ.

ತಪ್ಪು ಎರಡು ಕಡೆಯಿಂದ ಬರುತ್ತದೆ. ದೊಡ್ಡದು ಅಂಚಿನ ಇಳಿಜಾರು. 4.5ರ ಬದಲು 4.44 ತೆಗೆದುಕೊಂಡು, ಕೊನೆಯ ತುಂಡನ್ನು 98 ಡಿಗ್ರಿಯವರೆಗೆ 4.52ರಂತೆ ಹಿಡಿದರೆ ತ್ರಿಜ್ಯ 3510ಕ್ಕೆ ಇಳಿಯುತ್ತದೆ. ಡಿಗ್ರಿಗೆ 0.06 ಸೆಕೆಂಡಿನಷ್ಟು ಸೂಕ್ಷ್ಮ, ಅಂದರೆ ಎಂಟು ಡಿಗ್ರಿಯುದ್ದಕ್ಕೂ ಅರ್ಧ ಸೆಕೆಂಡಿಗಿಂತ ಒಳ್ಳೆಯ ಸಮಯ ಬೇಕು. ಅದಕ್ಕೇ ಸಾಲೊಮನ್, ವನುವಾಟು, ಲಾಯಲ್ಟಿ ದ್ವೀಪಗಳ ಜೊತೆಗೆ 85–90 ಡಿಗ್ರಿಯ ಅಲ್ಯೂಷಿಯನ್, 95 ಡಿಗ್ರಿಯ ಅಲಾಸ್ಕಾ ಕಂಪನಗಳನ್ನು ಒಂದೂ ಬಿಡದೆ ಹಿಡಿಯಿರಿ. ಆಳದ ಕಂಪನಗಳಿದ್ದರೆ ಕೇಂದ್ರದ ಆಳಕ್ಕೆ ತಿದ್ದುಪಡಿ ಮಾಡಿಯೇ ಸೇರಿಸಬೇಕು.

ಎರಡನೆಯದು 15ರಿಂದ 25 ಡಿಗ್ರಿ. ಮ್ಯಾಂಟಲ್‌ನಲ್ಲಿ 410 ಮತ್ತು 660 ಕಿ.ಮೀ. ಆಳದಲ್ಲಿ ಆಲಿವಿನ್ ಖನಿಜ ಒತ್ತಡಕ್ಕೆ ಸಿಕ್ಕಿ ಹೆಚ್ಚು ಬಿಗಿಯಾದ ರೂಪಗಳಿಗೆ ತಿರುಗುತ್ತದೆ, ವೇಗ ಥಟ್ಟನೆ ಜಿಗಿಯುತ್ತದೆ. ಹೀಗಾಗಿ ಈ ದೂರಗಳಿಗೆ ಒಂದೇ ಪಿ ಅಲ್ಲ, ಬೇರೆ ಬೇರೆ ಆಳದಿಂದ ಮೂರು ಪಿ ಒಂದರ ಹಿಂದೊಂದು ಬರಬಹುದು. ನೇಪಾಳದ ಗೋರ್ಖಾ ಹುಬ್ಬಳ್ಳಿಯಿಂದ 15.6 ಡಿಗ್ರಿ, ಹಿಂದೂಕುಶ್ 21.5, ಉತ್ತರ ಸುಮಾತ್ರ 24. ನಮಗೆ ಹತ್ತಿರದ ದೊಡ್ಡ ಕಂಪನಗಳು ಹೆಚ್ಚಾಗಿ ಈ ಗೋಜಲಿನೊಳಗೇ ಬೀಳುತ್ತವೆ. ಇಲ್ಲಿ ಅತಿ ದೊಡ್ಡ ಏರಿಳಿತಕ್ಕೆ ಗುರುತು ಹಾಕದೆ, ಗದ್ದಲದಿಂದ ಗೆರೆ ಮೊದಲು ಎದ್ದ ಜಾಗಕ್ಕೇ ಹಾಕಬೇಕು. ಒಂದೇ ದಾಖಲೆಯನ್ನು ಇಬ್ಬರು ಬೇರೆ ಬೇರೆ ಗುರುತಿಸಿ, ಅರ್ಧ ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಬಂದದ್ದನ್ನು ಈ ಲೆಕ್ಕದಿಂದ ಹೊರಗಿಡಿ.

ಪ್ರತಿಕ್ರಿಯೆ: ಎರಿಹೊಲ

ಅರ್ಧ ಸೆಕೆಂಡ್ ಅಂದ್ರಲ್ಲ, ಅದಕ್ಕ ಒಂದು ಸೇರಸ್ತೀನಿ. ನಾಲ್ಕೂ ಸೆಟ್ ಊರಿಗೆ ಕಳಸೋಕ್ಕಿಂತ ಮೊದಲು ಒಂದೇ ಕಾಂಕ್ರೀಟ್ ಚಪ್ಪಡಿ ಮ್ಯಾಲ ಒಂದು ವಾರ ಕೂಡೇ ಇಡ್ರಿ. ನಾಲ್ಕರಾಗೂ ಒಂದೇ ಅಲೆ ಒಂದೇ ಸ್ಯಾಂಪಲ್‌ಗ, ಒಂದೇ ದಿಕ್ಕಿಗೆ ಏಳಬೇಕು. ಒಂದು ಕೆಳಗ ಹೋತಂದ್ರ ಜಿಯೋಫೋನ್ ವಾಯರ್ ಉಲ್ಟಾ ಆಗೇದ. ಒಂದು ಯಾವಾಗಲೂ 0.3 ಸೆಕೆಂಡ್ ತಡ ಅಂದ್ರ ಡಿಜಿಟೈಜರ್ ಫಿಲ್ಟರಿನ ತಡ ಸಾಫ್ಟ್‌ವೇರ್‌ದಾಗ ಕಳದಿಲ್ಲ. ಊರಿಗೆ ಹೋದ ಮ್ಯಾಲ ಇವೆರಡೂ ಕಂಡುಹಿಡಿಯೋದು ಭಾಳ ಕಷ್ಟ.